ಕಿಟಕಿ ಹಿಗ್ಗಿದರೆ ಮುಖವೂ ಹಿಗ್ಗಬೇಕೇ?

ಕಂಪ್ಯೂಟರ್‌ನಲ್ಲಿ ಕ್ಯಾಮೆರಾ ಹಚ್ಚಿ, ನಿಮ್ಮ ಮುಖ ಕಾಣುವ ಕಿಟಕಿಯ ಮೂಲೆಯನ್ನು ಮೌಸ್‌ನಿಂದ ಹಿಡಿದು ಎಳೆದಿದ್ದೀರಾ? ನಾನು ಮೊದಲ ಸಲ ಇಂಥದ್ದೊಂದು ಪುಟ್ಟ ಪ್ರೋಗ್ರಾಮ್ ಬರೆದು ಎಳೆದಾಗ, ನನ್ನ ಮುಖ ಅಕ್ಕಿರೊಟ್ಟಿ ತಟ್ಟಿದ ಹಾಗೆ ಅಗಲವಾಯಿತು. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗಳು ಬಿದ್ದೂ ಬಿದ್ದೂ ನಕ್ಕಳು. ತಪ್ಪು ಕ್ಯಾಮೆರಾದ್ದಲ್ಲ, ನನ್ನದೇ.

ಕ್ಯಾಮೆರಾಕ್ಕೆ ಕಿಟಕಿಯ ಸುದ್ದಿಯೇ ಗೊತ್ತಿಲ್ಲ. ತನ್ನ ಪಾಡಿಗೆ ತಾನು ಸೆಕೆಂಡಿಗೆ ಸುಮಾರು 30 ಚಿತ್ರ ಕಳಿಸುತ್ತಿರುತ್ತದೆ. ಒಂದೊಂದು ಚಿತ್ರವೂ ಚುಕ್ಕಿ ರಂಗೋಲಿಯ ಹಾಗೆ. ನನ್ನ ಕ್ಯಾಮೆರಾದಲ್ಲಿ ಸಾಲಿಗೆ 640 ಚುಕ್ಕಿ, ಅಂಥವು 480 ಸಾಲು. ಗುಣಿಸಿ ನೋಡಿ: 3,07,200 ಚುಕ್ಕಿ! ಇವಕ್ಕೇ ಪಿಕ್ಸೆಲ್ ಅನ್ನುವುದು. ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ಪ್ರತಿ ಚುಕ್ಕಿಗೂ ಮೂರು ಅಂಕಿ. ಒಂದೊಂದೂ 0ಯಿಂದ 255ರವರೆಗೆ.

ರಂಗೋಲಿ ಹಾಕುವಾಗ ಚುಕ್ಕಿಗಳನ್ನು ಅಡ್ಡಕ್ಕೆ ದೂರದೂರ, ಉದ್ದಕ್ಕೆ ಹತ್ತಿರಹತ್ತಿರ ಇಟ್ಟರೆ ಏನಾಗುತ್ತದೆ? ಕಮಲದ ಹೂವು ಚಪ್ಪಟೆಯಾಗುತ್ತದೆ. ಕಿಟಕಿ ತುಂಬಲೆಂದು ಪ್ರೋಗ್ರಾಮ್ ಚುಕ್ಕಿಗಳನ್ನು ಹಾಗೆ ಎಳೆದಾಗ ನನ್ನ ಮುಖಕ್ಕೆ ಆದದ್ದೂ ಅದೇ.

ಹಾಗಾದರೆ ಸರಿಪಡಿಸುವುದು ಹೇಗೆ? ಎರಡು ಭಾಗಾಕಾರ ಬಂದರೆ ಸಾಕು. ಕಿಟಕಿ 800 ಅಗಲ, 800 ಎತ್ತರ ಇದೆ ಅನ್ನೋಣ. 800ನ್ನು 640ರಿಂದ ಭಾಗಿಸಿದರೆ 1.25. 800ನ್ನು 480ರಿಂದ ಭಾಗಿಸಿದರೆ 1.66ರ ಆಸುಪಾಸು. ದೊಡ್ಡದನ್ನು ಆರಿಸಿದರೆ ಚಿತ್ರದ ಅಗಲ ಸಾವಿರ ದಾಟಿ, ಕಿಟಕಿಯಲ್ಲಿ ಹಿಡಿಸದೆ ಎರಡೂ ಅಂಚು ಕತ್ತರಿಸಿಹೋಗುತ್ತವೆ. ಪಕ್ಕದಲ್ಲಿ ಕೂತ ಅಕ್ಕನ ಮಗಳು ಮಾಯ! ಚಿಕ್ಕದನ್ನು ಆರಿಸಿ, ಅಗಲ ಎತ್ತರ ಎರಡನ್ನೂ ಅದರಿಂದಲೇ ಗುಣಿಸಿದರೆ ಚಿತ್ರ 800 ಅಗಲ, 600 ಎತ್ತರ ಆಗುತ್ತದೆ. ಉಳಿದ 200ರಲ್ಲಿ ಮೇಲೆ 100, ಕೆಳಗೆ 100 ಕಪ್ಪು ಪಟ್ಟಿ. ಹಳೆಯ ಸಿನಿಮಾವನ್ನು ಟಿವಿಯಲ್ಲಿ ನೋಡುವಾಗ ಕಾಣುವ ಪಟ್ಟಿಗಳ ಗುಟ್ಟೂ ಇದೇ. ಕೆಲವರಿಗೆ ಅವನ್ನು ಕಂಡರಾಗದು. ಮುಖ ಸೊಟ್ಟಗಾಗುವುದಕ್ಕಿಂತ ಪಟ್ಟಿಯೇ ವಾಸಿ ಎಂಬುದು ನನ್ನ ಮತ.

ಇನ್ನೊಂದು ಪ್ರಶ್ನೆ ಉಳಿಯಿತು. ಹೊಸ ಚಿತ್ರಕ್ಕೆ 4,80,000 ಚುಕ್ಕಿ ಬೇಕು. ಕ್ಯಾಮೆರಾ ಕೊಟ್ಟದ್ದು 3,07,200. ಮಿಕ್ಕದ್ದು ಎಲ್ಲಿಂದ ಬಂತು? ನೆರೆಹೊರೆಯಿಂದ. ಒಂದು ಚುಕ್ಕಿಯ ಕೆಂಪಿನ ಅಂಕಿ 100, ಪಕ್ಕದ್ದು 200 ಆಗಿದ್ದರೆ, ನಟ್ಟನಡುವೆ ಬರುವ ಚುಕ್ಕಿಗೆ 150 ಎಂದು ಪ್ರೋಗ್ರಾಮ್ ಲೆಕ್ಕ ಹಾಕುತ್ತದೆ. ಅದಕ್ಕೇ ಕಿಟಕಿಯನ್ನು ತೀರಾ ದೊಡ್ಡದು ಮಾಡಿದರೆ ಚಿತ್ರ ಮಸುಕಾಗುವುದು. ಕ್ಯಾಮೆರಾಕ್ಕೆ ಕಾಣದ ಕೆನ್ನೆಯ ಮಚ್ಚೆ, ಕಿಟಕಿ ಗೋಡೆಯಷ್ಟಾದರೂ ಕಾಣದು.

ನಾನು ಮಾಡಿದ ಎರಡನೇ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಮೂಲೆ ಎಳೆಯುತ್ತಿರುವಷ್ಟು ಹೊತ್ತೂ ಕಂಪ್ಯೂಟರ್ ‘ಅಳತೆ ಬದಲಾಯಿತು, ಅಳತೆ ಬದಲಾಯಿತು’ ಎಂದು ಪ್ರೋಗ್ರಾಮಿಗೆ ಕೂಗಿ ಹೇಳುತ್ತಲೇ ಇರುತ್ತದೆ. ಪ್ರತಿ ಕೂಗಿಗೂ ನಾನು ಕ್ಯಾಮೆರಾ ನಿಲ್ಲಿಸಿ ಮತ್ತೆ ಶುರು ಮಾಡಿಸುತ್ತಿದ್ದೆ. ಪರದೆ ಕರೆಂಟು ಹೋಗಿ ಬಂದಂತೆ ಮಿಣುಕತೊಡಗಿತು. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟು, ಹೊಸ ಅಳತೆಯನ್ನಷ್ಟೇ ನೆನಪಿಟ್ಟುಕೊಂಡು ಮುಂದಿನ ಚಿತ್ರವನ್ನು ಅದಕ್ಕೆ ತಕ್ಕಂತೆ ಬಿಡಿಸಿದೆ, ನೋಡಿ, ಸರಿಹೋಯಿತು.

ಕ್ಯಾಮೆರಾದ ಚಿತ್ರವನ್ನು ಪರದೆಯಲ್ಲಿ ನೋಡುವ ಈ ಆಟ ಹೊಸದೇನಲ್ಲ. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು ಕಾಫಿ ಪಾತ್ರೆಗೊಂದು ಕ್ಯಾಮೆರಾ ಹೂಡಿದ್ದರು. ಎದ್ದು ಹೋಗಿ ನೋಡಿದರೆ ಪಾತ್ರೆ ಬರಿದು, ಆ ಬೇಸರಕ್ಕೆ! ತಂತಮ್ಮ ಪರದೆಯ ಮೂಲೆಯಲ್ಲೊಂದು ಪುಟ್ಟ ಚಿತ್ರ, 128 ಅಗಲ, 128 ಎತ್ತರ, ಬಣ್ಣವೂ ಇಲ್ಲ. ಕಾಫಿ ಇದೆಯೋ ಇಲ್ಲವೋ ತಿಳಿಯಲು ಅಷ್ಟು ಚುಕ್ಕಿ ಸಾಕಾಗಿತ್ತು.

ಈಗ ಅಮ್ಮನ ಒಂದು ಬಳೆ ಕೇಳಿ ತನ್ನಿ. ಕ್ಯಾಮೆರಾದ ಮುಂದೆ ನೇರವಾಗಿ ಹಿಡಿದು, ಕಿಟಕಿಯ ಮೂಲೆ ಎಳೆಯಿರಿ. ಬಳೆ ಮೊಟ್ಟೆಯಂತಾದರೆ ಆ ಪ್ರೋಗ್ರಾಮ್ ಬರೆದವರು ಭಾಗಾಕಾರ ಮರೆತಿದ್ದಾರೆ.