ಅಗ್ಗದ ರೆಕ್ಕೆ, ದುಬಾರಿ ಬಾಣ
(ಆನಗೋಡಿನ ಸಭೆಯಲ್ಲಿ ಮಾಡಿದ ಭಾಷಣ)



ಸೇರು ಕಾಳು ತಿನ್ನುವ ಇಲಿಯನ್ನು ಹಿಡಿಯಲು ಚೀಲ ಕಾಳಿನ ಬೆಲೆಯ ಬೋನು ಕೊಳ್ಳಬೇಕು, ಆ ಬೋನೂ ಒಂದೇ ಸಲಕ್ಕೆ ಮುಗಿಯುತ್ತದೆ ಎಂದಾದರೆ ಅಂಗಡಿ ಎಷ್ಟು ದಿನ ನಡೆದೀತು? ಇಂದು ಸೈನ್ಯಗಳ ಮುಂದಿರುವುದು ಇದೇ ಲೆಕ್ಕ.

ಉಕ್ರೇನಿನ ಮೇಲೆ ರಷ್ಯಾ ಬಿಡುವ ಶಾಹೆದ್ ಡ್ರೋನಿನ ಬೆಲೆ ಲಕ್ಷಗಳಲ್ಲಿ. ಅದನ್ನು ಹೊಡೆಯಬಲ್ಲ ಪೇಟ್ರಿಯಟ್ ಕ್ಷಿಪಣಿಯ ಬೆಲೆ ಇಪ್ಪತ್ತು ಕೋಟಿ ರೂಪಾಯಿಗೂ ಮೇಲು. ಕ್ಯಾಮೆರಾ ಕಟ್ಟಿಕೊಂಡ ಪುಟ್ಟ ಡ್ರೋನು ಟ್ಯಾಂಕನ್ನೇ ಬೇಟೆಯಾಡುತ್ತದೆ. ಆದುದರಿಂದ ಅಲ್ಲಿ ಸೈನಿಕರು ಗುಂಪುಗೂಡುವಂತಿಲ್ಲ. ರಸ್ತೆಗಳ ಮೇಲೆ ಬಲೆ ಹೊದಿಸಿದ್ದಾರೆ. 2025ರ ಜೂನ್ 1ರಂದು ಉಕ್ರೇನು ಲಾರಿಗಳಲ್ಲಿ ಡ್ರೋನು ಅಡಗಿಸಿ ಕಳಿಸಿ, ರಷ್ಯಾದ ಒಳನಾಡಿನ ವಿಮಾನ ನೆಲೆಗಳನ್ನೇ ಹೊಡೆಯಿತು. ರಣರಂಗ ಬೇರೆ, ಊರು ಬೇರೆ ಎಂಬ ಮಾತು ಮುಗಿಯಿತು.

ನಮ್ಮ ಗಡಿಯಲ್ಲಿಯೂ 2025ರ ಮೇ 8ರ ರಾತ್ರಿ ಪಾಕಿಸ್ತಾನವು 36 ಸ್ಥಳಗಳ ಕಡೆಗೆ 300ರಿಂದ 400 ಡ್ರೋನು ಬಿಟ್ಟಿತೆಂದು ಸರ್ಕಾರ ತಿಳಿಸಿತು. ಅವನ್ನು ಎದುರಿಸಿದ್ದು ಹೊಸ ಕ್ಷಿಪಣಿಗಳು ಮಾತ್ರವಲ್ಲ. ಎಲ್-70 ಎಂಬ ಹಳೆಯ ಫಿರಂಗಿ ಮತ್ತೆ ಕೆಲಸಕ್ಕೆ ಬಂತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಅದಕ್ಕೆ ಹೊಸ ಕಣ್ಣು ಕೊಟ್ಟಿತ್ತು. ರಾಡಾರುಗಳನ್ನು ಒಂದೇ ಜಾಲಕ್ಕೆ ಹೆಣೆಯುವ ಆಕಾಶ್‌ತೀರ್ ಸಹ ಅದರದೇ. ಫಿರಂಗಿಯ ಗುಂಡು ಅಗ್ಗ. ಡ್ರೋನಿನ ರೇಡಿಯೋ ಸಂಪರ್ಕ ಕೆಡಿಸುವುದು ಇನ್ನೂ ಅಗ್ಗ. ದುಬಾರಿ ಬಾಣವನ್ನು ದೊಡ್ಡ ಬೇಟೆಗೆ ಉಳಿಸುವುದೇ ಈಗಿನ ವಾಯುರಕ್ಷಣೆಯ ಗುಟ್ಟು.

ಇದೆಲ್ಲ ದೂರದ ಮಾತೇ? ಅಲ್ಲ. ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತಮಹಲ್ ಕಾವಲಿನ ನಾಲ್ಕು ಸಾವಿರ ಎಕರೆಗೂ ಮಿಕ್ಕ ಹುಲ್ಲುಗಾವಲು ರಕ್ಷಣಾ ಸಂಶೋಧನಾ ಸಂಸ್ಥೆಗೆ ಹೋಯಿತು. 2017ರಲ್ಲಿ ಅಲ್ಲಿ ಡ್ರೋನು ಪರೀಕ್ಷೆಯ ನೆಲೆ ಉದ್ಘಾಟನೆಯಾಯಿತು. 2023ರ ಆಗಸ್ಟ್ 20ರಂದು ಪರೀಕ್ಷೆಯಲ್ಲಿದ್ದ ತಪಸ್ ಡ್ರೋನು ಹಿರಿಯೂರು ತಾಲ್ಲೂಕಿನ ವಡ್ಡಿಕೆರೆಯ ಹೊಲದಲ್ಲಿ ಬಿತ್ತು. ಕುರಿ ಕಾಯುವವರು ತಲೆಮಾರುಗಳಿಂದ ಮೇಯಿಸಿದ ನೆಲಕ್ಕೆ ಬೇಲಿ ಬಿತ್ತು. ಹುಲ್ಲು ಹೋದರೆ ಕುರಿ ಹೋಯಿತು, ಕುರಿ ಹೋದರೆ ಕಂಬಳಿ ಮಗ್ಗವೂ ಹೋಯಿತು.

ದೇಶಕ್ಕೆ ರಕ್ಷಣೆ ಬೇಡವೆಂದು ನಾವು ಹೇಳುವುದಿಲ್ಲ. ಗಡಿಯ ಊರುಗಳಲ್ಲಿ ದೀಪವಾರಿಸಿ ಕುಳಿತವರೂ ನಮ್ಮಂಥ ಬಡವರೇ. ಆದರೆ ಡ್ರೋನಿನ ಬೆಲೆ ಬರೆಯುವಾಗ ಕಳೆದುಹೋದ ಹುಲ್ಲುಗಾವಲನ್ನೂ ಲೆಕ್ಕಕ್ಕೆ ಹಿಡಿಯಿರಿ ಎನ್ನುತ್ತೇವೆ. ಅಗ್ಗವೆಂದು ಹೇಳುವ ಆಯುಧಕ್ಕೆ ಯಾರು ಎಷ್ಟು ತೆತ್ತರು ಎಂದು ಕೇಳುವುದು ದೇಶದ್ರೋಹವಲ್ಲ, ತೆರಿಗೆ ಕೊಡುವವನ ಹಕ್ಕು. ಅದನ್ನು ನಾವು ಕೇಳೋಣ, ಒಟ್ಟಾಗಿ ಕೇಳೋಣ.