ಅಪ್ಪನ ಮಗ್ಗದ ಕೊನೇ ಸೀರೆ, ನಮ್ಮ ಭಾನುವಾರದ ಕೌದಿ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ನನ್ನ ಬಟ್ಟೆ ಟ್ರಂಕ್ ತೆರೀತೀನಿ.

ನಮ್ಮೂರು ದೊಡ್ಡಬಳ್ಳಾಪುರ. ಮಗ್ಗದ ಸದ್ದು ಕೇಳ್ತಾನೇ ಬೆಳೆದವಳು ನಾನು. ನಮ್ಮನೇಲೂ ಎರಡು ಪವರ್‌ಲೂಮ್ ಇತ್ತು. 2020ರ ಲಾಕ್‌ಡೌನ್‌ನಲ್ಲಿ ಸೀರೆ ಕೇಳೋರೇ ಇರಲಿಲ್ಲ. ಮುಂದಿನ ವರ್ಷ ಅಪ್ಪ ಎರಡನ್ನೂ ಮಾರಿಬಿಟ್ರು. ಆಮೇಲೆ ಮಗ್ಗದ ಮಾತೇ ಎತ್ತಲಿಲ್ಲ. ಕೊನೇದಾಗಿ ನೇಯ್ದ ಒಂದು ಸೀರೆ, ನವಿಲು ಬಣ್ಣದ ಆರ್ಟ್ ಸಿಲ್ಕ್, ನನ್ನ ಟ್ರಂಕಿನ ತಳ ಸೇರ್ತು.

ಅದರ ಮೇಲೆ ಅಜ್ಜಿಯ ಕಾಟನ್ ಸೀರೆ, ಅಪ್ಪನ ಲುಂಗಿ, ಉಳಿದ ಬ್ಲೌಸ್ ಪೀಸ್‌ಗಳು, ನನ್ನ ಸ್ಕೂಲ್ ಯೂನಿಫಾರ್ಮ್. ಆಗಾಗ ಎಲ್ಲ ಹೊರಗೆ ತೆಗೆದು, ಬಣ್ಣಕ್ಕೆ ಬಣ್ಣ ಜೋಡಿಸಿ ನೋಡಿ, ಮತ್ತೆ ಮಡಚಿಡ್ತಿದ್ದೆ. ಅದೇ ಒಂದು ಖುಷಿ. ಕತ್ತರಿ ಹಾಕೋಕೆ ಮಾತ್ರ ಕೈ ಬರ್ತಿರಲಿಲ್ಲ.

ಬಿ.ಕಾಂ ಓದಿದವರಿಗೆ ಗೊತ್ತು. ವರ್ಷದ ಕೊನೆಗೆ ಉಳಿದ ಸ್ಟಾಕಿಗೆ, ಕೊಂಡ ಬೆಲೆ ಅಥವಾ ಮಾರಿದ್ರೆ ಸಿಗೋ ಬೆಲೆ, ಯಾವುದು ಕಮ್ಮಿಯೋ ಅದನ್ನೇ ಬರೀಬೇಕು. ಆ ಲೆಕ್ಕದಲ್ಲಿ ನನ್ನ ಟ್ರಂಕಿನ ಬೆಲೆ ಸೊನ್ನೆ!

ನನಗಿಬ್ಬರು ಗೆಳತಿಯರು. ಒಬ್ಬಳು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡ್ತಾಳೆ, ಇನ್ನೊಬ್ಬಳು ಟೈಲರ್. ಗಾರ್ಮೆಂಟ್ಸ್‌ನವಳಿಗೆ ಮದುವೆ ಗೊತ್ತಾಯ್ತು, ಹೊಸಕೋಟೆಗೆ ಹೋಗ್ತಾಳೆ. ಅಷ್ಟರಲ್ಲಿ ಮೂವರೂ ಸೇರಿ ಏನಾದ್ರೂ ಮಾಡೋಣ ಅಂತ ಕೌದಿ ಶುರು ಮಾಡಿದ್ವಿ. ಚೀಟಿ ಹಾಕಿದ ಹಾಗೆ: ಬಟ್ಟೆ ಮೂವರದೂ, ಕೆಲಸ ಮೂವರದೂ, ಕೌದಿ ಸರದಿ ಪ್ರಕಾರ ಒಬ್ಬೊಬ್ಬರಿಗೆ. ಮೊದಲ ಚೀಟಿ ಮದುವೆ ಹುಡುಗಿಗೆ.

ಕೌದಿ ಅಂದ್ರೆ ಉತ್ತರ ಕರ್ನಾಟಕ ನೆನಪಾಗುತ್ತೆ ಅಲ್ವಾ? ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಹೊಲಿಯೋ ಕೌದಿಗಳನ್ನ ಒಮ್ಮೆ ನೋಡಿ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಸುತ್ತ ತುಂಡು ಇಡ್ತಾ, ಹೊಲೀತಾ, ನಡುವಿಗೆ ಬರ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ 'ಫುಲಾ', ಅಂದ್ರೆ ಹೂವು, ಇಟ್ಟರೇನೇ ಕೌದಿ ಪೂರ್ತಿ ಆದ ಹಾಗೆ. 2011ರಲ್ಲಿ ಆ ಕೌದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಪ್ರದರ್ಶನಕ್ಕೂ ಹೋಗಿದ್ವು.

ನಮಗೆ ಆ ಕೈಚಳಕ ಇಲ್ಲ, ಸುಲಭದ ದಾರಿ ಹಿಡಿದ್ವಿ. ಐದಡಿ ಅಗಲ, ಏಳಡಿ ಉದ್ದದ ಕೌದಿಗೆ ಆರಿಂಚಿನ ಚೌಕ 140 ಬೇಕು. ಹೊಲಿಗೆಗೆ ಸುತ್ತ ಕಾಲಿಂಚು ಬಿಟ್ಟು ಆರೂವರೆ ಇಂಚಿಗೆ ಕತ್ತರಿಸಿ. ಎಲ್ಲ ಜೋಡಿಸಿದ ಮೇಲೆ ನೋಡಿದ್ರೆ ಎಂಟು ಚೌಕ ಕಮ್ಮಿ! ಉಳಿದಿದ್ದು ಆ ನವಿಲು ಬಣ್ಣದ ಸೀರೆ ಒಂದೇ.

ಅಮ್ಮ ಅಂದ್ರು, "ಯಾರಿಗೆ ಇಟ್ಟಿದ್ದೀಯೇ, ಜಿರಲೆಗಾ? ಕತ್ತರಿಸು."

ಬಿಚ್ಚಿ ನೋಡ್ತೀನಿ, ಮಡಿಕೆ ಇದ್ದಲ್ಲೆಲ್ಲ ಬಣ್ಣ ಮಂಕಾಗಿತ್ತು. ಜೋಪಾನ ಮಾಡ್ತಿದ್ದೀನಿ ಅಂದ್ಕೊಂಡು ಹಾಳು ಮಾಡ್ತಿದ್ದೆ. ಟೈಲರ್ ಗೆಳತಿ ಸೀರೆ ಎಳೆದು ಹಿಡಿದಳು, ನಾನು ಕತ್ತರಿ ಹಾಕಿದೆ. ಒಬ್ಬಳೇ ಇದ್ದಿದ್ರೆ ಖಂಡಿತ ಆಗ್ತಿರಲಿಲ್ಲ. ಒಂದು ಕಿವಿಮಾತು: ಆರ್ಟ್ ಸಿಲ್ಕ್ ಜಾರುತ್ತೆ. ಹಿಂದೆ ಹಳೇ ಕಾಟನ್ ಇಟ್ಟು ಕಚ್ಚಾ ಹೊಲಿಗೆ ಹಾಕ್ಕೊಳ್ಳಿ.

ಅಷ್ಟರಲ್ಲಿ ಅಪ್ಪ ಮಹಡಿ ಹತ್ತಿ ಬಂದ್ರು. ನನ್ನ ಎದೆ ಡವಡವ. ಒಂದು ತುಂಡು ತಗೊಂಡು ಬೆಳಕಿಗೆ ಹಿಡಿದು, "ಇಲ್ಲಿ ಒಂದೆಳೆ ಕಡಿದಿದೆ ನೋಡಮ್ಮ, ಆವತ್ತು ಕರೆಂಟ್ ಹೋಗಿತ್ತು" ಅಂದ್ರು. ಆಮೇಲೆ ಕೂತು ಸಂಜೆವರೆಗೂ ಮಗ್ಗದ ಕಥೆ ಹೇಳಿದ್ರು.

ಎಂಟು ಭಾನುವಾರ, ಮೂವರು, ದಿನಕ್ಕೆ ಮೂರು ಗಂಟೆ. ಒಟ್ಟು 72 ಗಂಟೆ. ಇನ್‌ಸ್ಟಾದಲ್ಲಿ ಫೋಟೋ ನೋಡಿ ಒಬ್ಬರು 1,800 ರೂಪಾಯಿಗೆ ಕೇಳಿದ್ರು. ಗಂಟೆಗೆ 25 ರೂಪಾಯಿ! ಕೈಹೊಲಿಗೆ ಕೌದಿ ಕೊಳ್ಳುವಾಗ ಚೌಕಾಸಿ ಮಾಡೋ ಮುಂಚೆ ಈ ಲೆಕ್ಕ ಒಮ್ಮೆ ಹಾಕಿ. ನಮ್ಮದು ಮಾರೋಕಲ್ಲ ಅಂದ್ವಿ, ಅದು ಹೊಸಕೋಟೆಗೆ ಹೋಯ್ತು. ಎರಡನೇ ಚೀಟಿ ನಡೀತಿದೆ, ಅದರಲ್ಲೂ ನವಿಲು ಬಣ್ಣ ಇದೆ.

ನಿಮ್ಮ ಟ್ರಂಕಿನ ತಳದಲ್ಲಿ ಏನಿದೆ? ಇಬ್ಬರು ಫ್ರೆಂಡ್ಸ್ ಕರೆದು ತೆಗೆದು ನೋಡಿ, ನಂಗೂ ಹೇಳಿ. ಮುಂದಿನ ವಾರ ಸಿಗೋಣ.