ಕಡಲಾಚೆ ಸಿಕ್ಕಿಬಿದ್ದವರೂ ಕಾಯಕಜೀವಿಗಳೇ

 

ಅಕ್ರಮ ವಲಸೆ ಎಂದರೆ ಬೇರೆ ಯಾವುದೋ ದೇಶದ ಸಮಾಚಾರ ಎಂದುಕೊಂಡಿದ್ದೇವೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಶುರುವಾದಾಗ, ಗುಂಡಿನ ಸದ್ದಿನ ನಡುವೆ ಸಿಕ್ಕಿಬಿದ್ದವರಲ್ಲಿ ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳದ ಹಕ್ಕಿಪಿಕ್ಕಿಗಳೂ ಇದ್ದರು. 'ಆಪರೇಷನ್ ಕಾವೇರಿ'ಯಲ್ಲಿ ಭಾರತೀಯರನ್ನು ಪೋರ್ಟ್ ಸುಡಾನಿನಿಂದ ಜೆಡ್ಡಾಕ್ಕೆ, ಅಲ್ಲಿಂದ ತಾಯ್ನಾಡಿಗೆ ಕರೆತರಲಾಯಿತು.

ಅಷ್ಟು ದೂರ ಏಕೆ ಹೋದರು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಅವರ ಕುಲಕಸುಬಾದ ಬೇಟೆ ನಿಂತಿತು. ಕಾಯ್ದೆ ಸರಿಯೇ, ಆದರೆ ಬದಲಿ ಬದುಕಿನ ಏರ್ಪಾಡು ಸಾಲಲಿಲ್ಲ. ಕಾಲುವೆಯಲ್ಲಿ ತೇವ ಕಂಡಲ್ಲಿ ಸಿಮೆಂಟು ಮೆತ್ತಿದರೆ ನೀರು ಹತ್ತಡಿ ಆಚೆ ಜಿನುಗುತ್ತದೆ, ನೌಕರಿಯಲ್ಲಿದ್ದಾಗ ನಾನು ಎಷ್ಟೋ ಸಲ ಕಂಡದ್ದು. ಇವರು ಗಿಡಮೂಲಿಕೆ, ಕೂದಲೆಣ್ಣೆ ಹಿಡಿದರು. ಆಫ್ರಿಕಾದಲ್ಲಿ ಗಿರಾಕಿ ಸಿಕ್ಕಿತು. ನಮ್ಮ ತಾಂಡಾಗಳವರು ಕಬ್ಬು ಕಡಿಯಲು, ಕಾಫಿ ತೋಟಗಳಿಗೆ ಗುಳೆ ಹೋಗುವುದಕ್ಕೂ ಇದಕ್ಕೂ ವ್ಯತ್ಯಾಸ ದೂರದ್ದು ಮಾತ್ರ. ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತರಲು ಸಿರಿಗೆರೆ ಪೂಜ್ಯರು ಅಷ್ಟು ಶ್ರಮಿಸಿದ್ದು ಗುಳೆ ನಿಲ್ಲಲೆಂದೂ ಅಲ್ಲವೇ?

ಇವರು ಬೇಲಿ ಹಾರಿದವರಲ್ಲ, ವಿಮಾನ ಹತ್ತಿದವರು. ಆದರೆ ಪ್ರವಾಸಿ ವೀಸಾದಲ್ಲಿ ಹೋಗಿ ವ್ಯಾಪಾರಕ್ಕೆ ಕೂತರೆ, ಅವಧಿ ಮುಗಿದ ಮೇಲೂ ಉಳಿದರೆ, ಯಾರೇ ಆಗಲಿ ಅಲ್ಲಿನ ಕಾನೂನಿನ ಕಣ್ಣಿಗೆ ಅಕ್ರಮ ವಲಸಿಗರೇ. ಮೋಸವಾದರೆ ಪೊಲೀಸರ ಬಳಿ ಹೋಗಲು ಅಂಜಿಕೆ. ಯುದ್ಧ ಬಂದರೆ ಎಲ್ಲಿದ್ದಾರೆಂದು ರಾಯಭಾರ ಕಚೇರಿಗೂ ತಿಳಿಯದು. ಓದಿದವರಿಗೂ ಇದು ತಪ್ಪಿದ್ದಲ್ಲ. ಕೆಲಸದ ಆಸೆಗೆ ರಷ್ಯಾಕ್ಕೆ ಹೋದ ಕಲಬುರಗಿಯ ಯುವಕರು ಉಕ್ರೇನ್ ಯುದ್ಧಕ್ಕೆ ಸಿಕ್ಕಿ, 2024ರ ಸೆಪ್ಟೆಂಬರಿನಲ್ಲಿ ಮರಳಿದರು.

ಒಂದು ಕಹಿ ಮಾತು, ಹಿರಿಯರು ಕ್ಷಮಿಸಬೇಕು. ಸುಡಾನಿನಿಂದ ಬಂದವರು ಸರಕು ಅಲ್ಲೇ ಬಿಟ್ಟು ಬರಿಗೈಲಿ ಬಂದರು. ಟಿಕೆಟ್ಟಿಗೆ ಮಾಡಿದ ಸಾಲದ ಬಡ್ಡಿ ಮಾತ್ರ ಊರಲ್ಲಿ ಬೆಳೆಯುತ್ತಲೇ ಇತ್ತು. ಅದು ತೀರಬೇಕಾದರೆ ಮತ್ತೆ ಹೊರಡಬೇಕು. ಇಂಥ ಸಾಲ ಕೊಡುವವರು ಯಾರು? ಈ ಸಭೆಯಲ್ಲೇ ಇದ್ದರೂ ಇರಬಹುದು. ಇಷ್ಟಲಿಂಗ ಹಿಡಿದ ಕೈಯಲ್ಲಿ ಚಕ್ರಬಡ್ಡಿಯ ಪತ್ರ ಹೇಗೆ ಹಿಡಿಯುತ್ತೇವೆ? ಕಲ್ಯಾಣದ ವಿಪ್ಲವದ ನಂತರ ಚನ್ನಬಸವಣ್ಣನವರೊಡನೆ ಉಳವಿಯ ಕಾಡಿಗೆ ನಡೆದವರ ಪರಂಪರೆ ನಮ್ಮದು. ಊರು ಬಿಟ್ಟವರ ಸಂಕಟ ನಮಗೆ ಹೊಸತಲ್ಲ.

ಈಗ ಮಾಡಬೇಕಾದ ಕೆಲಸ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ 'ಇಸಿಆರ್' ವರ್ಗದ್ದು. ಅಂಥವರು ಸುಡಾನ್ ಸೇರಿ 18 ದೇಶಗಳಿಗೆ ಕೂಲಿ-ನೌಕರಿಗೆ ಹೋಗುವ ಮುನ್ನ ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಶುಲ್ಕ ಕೇಳುವಂತಿಲ್ಲ. ಅವನ ನೋಂದಣಿಯನ್ನು 'ಇ-ಮೈಗ್ರೇಟ್' ಜಾಲತಾಣದಲ್ಲಿ ನೋಡಬಹುದು. ಸ್ವಂತ ವ್ಯಾಪಾರಕ್ಕೆ ಹೋಗುವವರು ಅದಕ್ಕೆ ತಕ್ಕ ವೀಸಾ ಮಾಡಿಸಿ, ತಲುಪಿದೊಡನೆ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಬೇಕು. ಇದನ್ನೆಲ್ಲ ಅಸ್ತಾಪನಹಳ್ಳಿಯ ತಾಯಂದಿರಿಗೆ ಅವರ ಮನೆಯಂಗಳದಲ್ಲೇ ಕೂತು ಹೇಳಬೇಕು. ಮಠದಿಂದ ಕಂಪ್ಯೂಟರ್ ಬಲ್ಲ ಇಬ್ಬರು ಹುಡುಗರನ್ನು ಕೊಡಿ. ತಿಂಗಳಿಗೆ ಎರಡು ಭಾನುವಾರ ನಾನೇ ಅವರ ಜೊತೆ ಹೋಗುತ್ತೇನೆ.